ಸಂಪಾದಕರ ಉತ್ತರ: ಸೂರಿಲ್ಲದ, ಕಟ್ಟಳೆಯಿಲ್ಲದ ಹುಡುಗಿ

(ಪತ್ರದ ಸಾರ: ‘ದಾವಣಗೆರೆಯಲ್ಲಿ ನೀವು ಏರ್ಪಡಿಸಿದ್ದ ಫ್ರೆಂಚ್ ಚಿತ್ರ ಪ್ರದರ್ಶನಕ್ಕೆ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದೆ. ಸ್ನಾನ ಮಾಡದ, ದುಡಿಯದ, ಉಂಡ ಮನೆಯ ಋಣವಿಲ್ಲದ ಹುಡುಗಿಯೊಬ್ಬಳು ಊರೂರು ಅಲೆದು ಕೊನೆಗೆ ಕಾಲುವೆಯಲ್ಲಿ ಸೆಟೆದು ಸಾಯುತ್ತಾಳೆ. ಕಥೆಯೂ ಇಲ್ಲ, ಕಾರಣವೂ ಇಲ್ಲ. ಇದನ್ನು ಸ್ವಾತಂತ್ರ್ಯ ಎನ್ನುತ್ತೀರಾ? ಅಕ್ಕಮಹಾದೇವಿಯ ನಾಡಿಗೆ ಇಂಥದ್ದನ್ನು ಫ್ರಾನ್ಸಿನಿಂದ ತರಬೇಕಿತ್ತೇ? ಅಂದ ಹಾಗೆ, ಒಬ್ಬಾತ ಬಟ್ಟೆ ಹಿಡಿದು ಸುಮ್ಮನೆ ಕುಳಿತಾಗ ನಿಮ್ಮ ಸ್ಪೀಕರ್ ಕೈಕೊಟ್ಟಿತ್ತೇ?’ – ನಿವೃತ್ತ ಶಿಕ್ಷಕರು, ಚಿತ್ರದುರ್ಗ)

ಮೇಷ್ಟ್ರೇ,

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಫ್ರೆಂಚ್ ನಿರ್ದೇಶಕಿ ಆನ್ಯೆಸ್ ವಾರ್ದಾ ಅವರ 1985ರ ಈ ಚಿತ್ರವನ್ನು ಹಿಂದಿನ ಸಂಚಿಕೆಯಲ್ಲಿ ‘ಸ್ವಾತಂತ್ರ್ಯದ ಕಾವ್ಯ’ ಎಂದು ಕರೆದವನು ನಾನೇ. ಜನ ಬರಲಿ ಎಂಬ ಆಸೆಗೆ ಬರೆದ ಮಾತು ಅದು. ಕಾವ್ಯ ಕೇಳಲು ಬಂದವರಿಗೆ ಮೊದಲ ದೃಶ್ಯದಲ್ಲೇ ದ್ರಾಕ್ಷಿ ತೋಟದ ಕಾಲುವೆಯಲ್ಲಿ ಹೆಣ ತೋರಿಸಿದರೆ ಸಿಟ್ಟು ಬರದೆ ಇರುತ್ತದೆಯೇ? ಅರ್ಧಕ್ಕೇ ಎದ್ದು ಮಂಡಕ್ಕಿ ಮಿರ್ಚಿಗೆ ಹೋದವರು ನನ್ನನ್ನು ಆಗಲೇ ಕ್ಷಮಿಸಿರಬಹುದು. ನೀವು ಕೊನೆಯವರೆಗೂ ಕುಳಿತಿರಿ, ಕುಳಿತು ಬೈದಿರಿ. ಬೈಗುಳಕ್ಕೆ ಉತ್ತರ ಬರೆಯುವುದು ಹೊಗಳಿಕೆಗೆ ಬರೆಯುವುದಕ್ಕಿಂತ ಸುಲಭ.

ಇಂಗ್ಲಿಷಿನವರು ಇದನ್ನು ‘ವ್ಯಾಗಬಾಂಡ್’ ಎಂದು ಕರೆದು ಕೈತೊಳೆದುಕೊಂಡರು. ಫ್ರೆಂಚ್ ಹೆಸರಿಗೆ ‘ಸೂರೂ ಇಲ್ಲ, ಕಟ್ಟಳೆಯೂ ಇಲ್ಲ’ ಎಂಬರ್ಥ. ನೀತಿ ನಿಯತ್ತಿಲ್ಲದವರನ್ನು ಬೈಯುವ ಅವರ ಒಂದು ನುಡಿಗಟ್ಟನ್ನು ತಿರುಚಿ ಮಾಡಿದ್ದು. ಅಂದರೆ ನೀವು ಬೈದ ಮಾತು ಶೀರ್ಷಿಕೆಯಲ್ಲೇ ಇದೆ. ವೆನಿಸ್ ಚಿತ್ರೋತ್ಸವದಲ್ಲಿ ಇದಕ್ಕೆ ಚಿನ್ನದ ಸಿಂಹ ಬಂತು ಎಂಬುದನ್ನು ನಿಮ್ಮ ಮುಂದೆ ಝಳಪಿಸುವುದಿಲ್ಲ. ಪ್ರಶಸ್ತಿ ನೋಡಿ ಅಂಕ ಕೊಡುವ ಮೇಷ್ಟ್ರು ನೀವಲ್ಲ.

ಕಾರಣವಿಲ್ಲ ಎಂದಿರಿ. ನಿಜ. ಆ ಹುಡುಗಿ ಮೋನಾ ಒಂದು ಕಾಲಕ್ಕೆ ಸೆಕ್ರೆಟರಿ ಕೆಲಸ ಮಾಡುತ್ತಿದ್ದಳು, ಬಿಟ್ಟಳು. ಅಷ್ಟೇ ಗೊತ್ತಾಗುವುದು. ಅಪ್ಪ ಹೊಡೆದನೇ, ಪ್ರೇಮಿ ಕೈಬಿಟ್ಟನೇ, ಯಾವುದೂ ಇಲ್ಲ. ಈಗ ನಿಮ್ಮ ಕೋಟೆಯಲ್ಲೇ ಚಿತ್ರೀಕರಣವಾದ 1972ರ ‘ನಾಗರಹಾವು’ ನೆನಪಿಸಿಕೊಳ್ಳಿ. ರಾಮಾಚಾರಿಯೂ ಊರಿಗೆ ಒಗ್ಗದವನು, ಅವನ ಕೊನೆಯೂ ಸುಖದ್ದಲ್ಲ. ಆದರೂ ದುರ್ಗದವರಿಗೆ ಅವನು ಇಂದಿಗೂ ಮನೆಮಗ. ಏಕೆಂದರೆ ಪುಟ್ಟಣ್ಣ ಕಣಗಾಲರು ಅವನ ಒಂದೊಂದು ಸಿಟ್ಟಿಗೂ ಒಂದೊಂದು ಗಾಯ ತೋರಿಸಿದರು. ಅಳುವುದಕ್ಕೆ ಹಾಡು ಕೊಟ್ಟರು, ಬೆನ್ನು ಸವರಲು ಚಾಮಯ್ಯ ಮೇಷ್ಟ್ರನ್ನು ಕೊಟ್ಟರು. ನನಗೂ ಆ ಚಿತ್ರ ಪ್ರಾಣ. ವಾರ್ದಾ ಆ ಊರುಗೋಲುಗಳನ್ನೆಲ್ಲ ಕಿತ್ತುಕೊಂಡು, ಈಗ ಈ ಹುಡುಗಿಯನ್ನು ಪ್ರೀತಿಸಿ ನೋಡೋಣ ಎನ್ನುತ್ತಾರೆ. ನಮ್ಮ ಕೈಲಾಗುವುದಿಲ್ಲ. ಕ್ಯಾಮೆರಾ ಕೂಡ ಅವಳಿಗಾಗಿ ಕಾಯುವುದಿಲ್ಲ, ಗಮನಿಸಿದಿರಾ? ಅವಳು ನಡೆಯುತ್ತಿರುವಾಗ ಅದು ಬಲದಿಂದ ಎಡಕ್ಕೆ, ನಾವು ಓದುವ ದಿಕ್ಕಿಗೆ ಎದುರಾಗಿ, ಪಕ್ಕದಲ್ಲೇ ಸಾಗುತ್ತದೆ. ಆಮೇಲೆ ಅವಳನ್ನು ಬಿಟ್ಟು ಹೊಲದಂಚಿನ ಯಾವುದೋ ಬೇಡದ ವಸ್ತುವಿನ ಮೇಲೆ ಹೋಗಿ ನಿಲ್ಲುತ್ತದೆ.

ಅಕ್ಕನ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಎರಡು ದಿನ ಕೆಲಸ ಮಾಡಲು ಬಿಡದ ಸಾಲು ಅದು. ಅಕ್ಕನೂ ಕೌಶಿಕನ ಅರಮನೆ ಬಿಟ್ಟು ಒಬ್ಬಳೇ ನಡೆದವಳು, ಉಡುಗೆಯ ಕಟ್ಟಳೆಯನ್ನೂ ಕಳಚಿಟ್ಟವಳು. ಆದರೆ ಅವಳ ನಡಿಗೆಗೆ ಚನ್ನಮಲ್ಲಿಕಾರ್ಜುನ ಎಂಬ ವಿಳಾಸವಿತ್ತು, ಕದಳಿಯ ದಿಕ್ಕಿತ್ತು. ಅಷ್ಟಿದ್ದೂ ಕಲ್ಯಾಣದಲ್ಲಿ ಅಲ್ಲಮ ಅವಳನ್ನು ನಿಲ್ಲಿಸಿ ಪ್ರಶ್ನೆ ಕೇಳದೆ ಬಿಡಲಿಲ್ಲ. ನಮ್ಮ ಸೀಮೆಯಲ್ಲಿ ಅಲೆಮಾರಿಗೆ ಅನ್ನ ಹುಟ್ಟದೆ ಇಲ್ಲ. ಜೋಳಿಗೆ ಇರಬೇಕು, ಬುಡಬುಡಿಕೆ ಇರಬೇಕು, ಬಂದವನು ಯಾವ ದೇವರ ಹೆಸರಿನಲ್ಲಿ ಬಂದ ಎಂದು ತಿಳಿಯಬೇಕು. ಬಿಟ್ಟು ಹೋಗುವವರನ್ನು ನಾವು ಗೌರವಿಸುತ್ತೇವೆ, ಯಾವುದಕ್ಕಾಗಿ ಬಿಟ್ಟರೆಂದು ಹೇಳಿದರೆ. ಮೋನಾ ಹೇಳುವುದಿಲ್ಲ. ಬೆನ್ನಿಗೊಂದು ಚೀಲ, ಮಲಗಲು ಡೇರೆ, ಕೊಳೆ ಹಿಡಿದ ಜಾಕೆಟ್. ಅಂಥವಳಿಗೆ ಒಂದು ರೊಟ್ಟಿಯ ಮಟ್ಟಿಗಾದರೂ ನಮ್ಮಲ್ಲಿ ಜಾಗವಿದೆಯೇ ಎಂಬುದು ಚಿತ್ರದ ಪ್ರಶ್ನೆ ಎಂದು ನಾನು ಓದಿಕೊಂಡಿದ್ದೇನೆ. ಅವಳು ಮಾಡಿದ್ದು ಸರಿ ಎಂದು ಚಿತ್ರ ಎಲ್ಲೂ ಹೇಳಿಲ್ಲ.

ಅದರಲ್ಲಿ ನಿಮ್ಮ ಪರವಾಗಿ ವಾದಿಸುವವನೂ ಒಬ್ಬನಿದ್ದಾನೆ, ಆ ಮೇಕೆ ಸಾಕುವವನು. ತತ್ತ್ವಶಾಸ್ತ್ರ ಓದಿ, ಪೇಟೆ ಬಿಟ್ಟು, ಹೆಂಡತಿ ಮಗುವಿನೊಂದಿಗೆ ಚೀಸ್ ಮಾಡಿಕೊಂಡು ಬದುಕುವವನು. ಮೋನಾಳಿಗೆ ಉಳಿಯಲು ಜಾಗ ಕೊಡುತ್ತಾನೆ, ಆಲೂಗಡ್ಡೆ ಬೆಳೆದುಕೋ ಎಂದು ತುಂಡು ನೆಲವನ್ನೂ ಕೊಡುತ್ತಾನೆ. ಅವಳು ಮುಟ್ಟುವುದಿಲ್ಲ, ಬಿದ್ದುಕೊಂಡು ಸಿಗರೇಟು ಸೇದುತ್ತಾಳೆ. ಇದು ಅಲೆದಾಟವಲ್ಲ, ಬಾಡಿಹೋಗುವುದು ಎಂಬರ್ಥದ ಅವನ ಕಟು ಮಾತಿಗೆ ನಮ್ಮ ಸಭೆಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ನೀವೇ ಇರಬೇಕು. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಅವನಷ್ಟು ಸರಿಯಾಗಿ ಮಾತನಾಡುವವನು ಆ ಚಿತ್ರದಲ್ಲೇ ಇನ್ನೊಬ್ಬನಿಲ್ಲ. ಆದರೂ ನನಗೆ ಅವನು ಹಿಡಿಸಲಿಲ್ಲ. ಇದಕ್ಕೆ ಕಾರಣ ಕೇಳಬೇಡಿ.

ಇನ್ನು ಸಾವು. ‘ಸುಮ್ಮನೆ ಸಾಯಿಸಿದರು’ ಎಂದು ಎಲ್ಲೋ ಬರೆದಿದ್ದೀರಿ. ಮೊದಲಿಗೆ ಹೆಣದ ಮೇಲೆ ಕಂಡ ಕೆಂಪು ಕಲೆ ಎಲ್ಲಿಂದ ಬಂತೆಂದು ಕೊನೆಗೆ ತೋರಿಸುತ್ತಾರೆ. ಅದು ದ್ರಾಕ್ಷಾರಸದ ಗಷ್ಟು. ಆ ಸೀಮೆಯ ಹಳ್ಳಿಯಲ್ಲಿ ವರ್ಷಕ್ಕೊಂದು ದಿನ ವೇಷ ಹಾಕಿದ ಗಂಡಸರು ಬೀದಿಯಲ್ಲಿ ಸಿಕ್ಕವರನ್ನೆಲ್ಲ ಹಿಡಿದು ಗಷ್ಟು ಬಳಿಯುತ್ತಾರೆ. ದಾವಣಗೆರೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ನಮ್ಮ ಕಾಮನ ಹಬ್ಬದ ಹುಡುಗರು ಇವರಿಗೇನು ಕಡಿಮೆ? ಊರಿನವರಿಗೆ ಆ ದಿನ ಯಾವುದೆಂದು ಗೊತ್ತು, ಬಾಗಿಲು ಹಾಕಿಕೊಂಡಿದ್ದಾರೆ. ಬ್ರೆಡ್ ಹುಡುಕಿ ಬಂದ ಮೋನಾಳಿಗೆ ಗೊತ್ತಿಲ್ಲ. ಎಲ್ಲರೂ ನಗುತ್ತಾ ಆಡುತ್ತಿರುವ ಆಟದಲ್ಲಿ ಅವಳೊಬ್ಬಳೇ ಜೀವಭಯದಿಂದ ಕಿರುಚುತ್ತಾಳೆ. ಒದ್ದೆ ಮೈ, ಚಳಿಗಾಲ. ಆಮೇಲೆ ಕಾಲುವೆಯಲ್ಲಿ ಎಡವಿ ಬೀಳುತ್ತಾಳೆ, ಏಳುವುದಿಲ್ಲ. ಕೊಂದವರು ಯಾರೂ ಅಲ್ಲ. ಯಾರೂ ಕೆಟ್ಟವರೂ ಅಲ್ಲ. ಈ ದೃಶ್ಯ ನೋಡಿದ ಮೇಲೆ ಓಕುಳಿಯ ದಿನ ಹೊರಊರಿನಿಂದ ಬಂದ ಬಸ್ಸು ಇಳಿಯುವವರನ್ನು ನೋಡುವ ನನ್ನ ಕಣ್ಣು ಬೇರೆಯಾಗಿದೆ.

ಕೊನೆಯದಾಗಿ ಸ್ಪೀಕರ್. ಸ್ಪೀಕರ್ ಸರಿಯಾಗಿತ್ತು ಮೇಷ್ಟ್ರೇ. ಚಿತ್ರದ ಉದ್ದಕ್ಕೂ ಒಬ್ಬೊಬ್ಬರಾಗಿ ಅವಳ ಬಗ್ಗೆ ಸಾಕ್ಷಿ ಹೇಳುತ್ತಾರಲ್ಲ, ಹೆಚ್ಚಿನವರು ತಮ್ಮ ಕಥೆಯನ್ನೇ ಹೇಳಿಕೊಳ್ಳುತ್ತಾರೆ. ಮನೆಗೆಲಸದವಳು ಹೊಟ್ಟೆಕಿಚ್ಚುಪಡುತ್ತಾಳೆ, ಮರಗಳ ರೋಗ ಅಧ್ಯಯನ ಮಾಡುವ ಪ್ರೊಫೆಸರಮ್ಮ ಪಶ್ಚಾತ್ತಾಪಪಡುತ್ತಾಳೆ. ಮೋನಾಳ ಮೈ ನಾರುತ್ತಿತ್ತು ಎಂಬ ಮಾತಂತೂ ಮತ್ತೆ ಮತ್ತೆ ಬರುತ್ತದೆ. ನೀವು ಹೇಳಿದ ಆ ವ್ಯಕ್ತಿ ಅಸ್ಸೂನ್, ಟ್ಯುನೀಷಿಯಾದಿಂದ ಕೂಲಿಗೆ ಬಂದು ದ್ರಾಕ್ಷಿ ಬಳ್ಳಿ ಕತ್ತರಿಸುವವನು. ಅವಳಿಗೆ ಕೆಲಸ ಕಲಿಸಿದ, ತನ್ನ ಪಾಲಿನ ಊಟ ಕೊಟ್ಟ. ಊರಿಗೆ ಹೋಗಿದ್ದ ಜೊತೆಗಾರರು ಮರಳಿ ಬಂದು ಹೆಣ್ಣು ಇಲ್ಲಿರಕೂಡದು ಎಂದಾಗ ಎದುರಾಡಲಾರದೆ ಹೋದ. ಅವನ ಸರದಿ ಬಂದಾಗ ಅವನು ನಮ್ಮತ್ತ ನೋಡುತ್ತಾನೆ, ಮಾತನಾಡುವುದಿಲ್ಲ. ಅವಳ ಸ್ಕಾರ್ಫ್ ಎತ್ತಿ ಮೂಗಿಗೆ ಹಿಡಿಯುತ್ತಾನೆ.