ಆ ಹೊಸ ಹಾಳೆ ಖಾಲೀನೇ ಇರ್ಲಿ ಸಿಸ್ಟರ್

ಸಿಸ್ಟರ್, ಹೆಸರು ಹಾಕ್ಬೇಡಿ ಅಂದಿದ್ರಿ, ಹಾಕಿಲ್ಲ. ನೈಟ್ ಡ್ಯೂಟಿ, ವಾರ್ಡಿಗೆಲ್ಲಾ ನೀವೊಬ್ರೇ, 11ನೇ ಬೆಡ್ಡಿನ ಆಂಟಿಬಯಾಟಿಕ್ ಇಂಜೆಕ್ಷನ್ 12ನೇ ಬೆಡ್ಡಿನ ಅಜ್ಜಿಗೆ ಹೋಯ್ತು, ಮೈಯೆಲ್ಲಾ ದದ್ದು ಎದ್ದು ಉಸಿರು ಕಟ್ತು, ನೀವೇ ಓಡಿ ಡ್ಯೂಟಿ ಡಾಕ್ಟರನ್ನ ಕರೆದ್ರಿ, ಅಜ್ಜಿ ಎರಡು ದಿನ ಐಸಿಯುನಲ್ಲಿದ್ದು ಹುಷಾರಾದ್ರು. ಈಗ ಇನ್‌ಚಾರ್ಜ್ ಕೇಸ್ ಶೀಟಿಗೆ ಹೊಸ ಹಾಳೆ ಕೊಟ್ಟು "ಇಂಜೆಕ್ಷನ್ ವಿಷ್ಯ ಬಿಟ್ಟು ಫ್ರೆಶ್ಶಾಗಿ ಬರೀಮ್ಮ" ಅಂತಿದಾರೆ, ಬರೀದಿದ್ರೆ ರಿಜಿಸ್ಟ್ರೇಷನ್ ತೆಗೆಸ್ತೀವಿ ಅಂತಾನೂ ಹೇಳಿದಾರೆ. ನಿಜ ಹೇಳಿದ ಅಮೆರಿಕದ ನರ್ಸ್ ಗತಿ ಏನಾಯ್ತು ಅಂತ ಕೇಳಿದೀರಿ.

ಬರೀಬೇಡಿ. ಬೆಡ್ ಅದಲು ಬದಲಾಗಿದ್ದು ತಪ್ಪು, ಆದ್ರೆ ಅದು ಕೈತಪ್ಪಿ ಆಗಿದ್ದು. ಹಾಳೆ ತಿದ್ದೋದು ಗೊತ್ತಿದ್ದೂ ಗೊತ್ತಿದ್ದೂ ಮಾಡೋದು, ಸುಳ್ಳು ದಾಖಲೆ ಅಂತ ಕೇಸಾದ್ರೆ ಸೈನ್ ನಿಮ್ದೇ ಇರುತ್ತೆ, ಇನ್‌ಚಾರ್ಜ್ ಅವರದ್ದಲ್ಲ. ಮನೆಯವರು ಕೇಳಿದ್ರೆ 72 ಗಂಟೆ ಒಳಗೆ ರೆಕಾರ್ಡ್ ಕೊಡ್ಬೇಕು ಅಂತ ಡಾಕ್ಟರುಗಳ 2002ರ ನಿಯಮದಲ್ಲೇ ಇದೆ, ಅಜ್ಜಿ ಮಗ ಆಗ್ಲೇ ಒಂದು ಕಾಪಿ ಇಸ್ಕೊಂಡಿದ್ರೆ ಎರಡು ಥರದ ಹಾಳೆ ಕೋರ್ಟಲ್ಲಿ ಎದುರುಬದುರು ಕೂರುತ್ತೆ.

ರಿಜಿಸ್ಟ್ರೇಷನ್ ತೆಗೆಯೋದು ಆಸ್ಪತ್ರೆ ಕೈಲಿಲ್ಲ. ಅದು ರಾಜ್ಯ ನರ್ಸಿಂಗ್ ಕೌನ್ಸಿಲ್ ಕೆಲ್ಸ, ಅವರೂ ನೋಟಿಸ್ ಕೊಟ್ಟು ನಿಮ್ಮ ಮಾತು ಕೇಳ್ಬೇಕು.

ಇನ್ನು ನೀವು ಕೇಳಿದ ಅಮೆರಿಕದ ನರ್ಸ್, ರಡೊಂಡಾ ವಾಟ್ ವಿಷ್ಯ. ಟೆನೆಸ್ಸಿಯಲ್ಲಿ 2017ರ ಡಿಸೆಂಬರಲ್ಲಿ, 75 ವರ್ಷದ ಪೇಷೆಂಟಿಗೆ ಸ್ಕ್ಯಾನ್‌ಗೆ ಮುಂಚೆ ಭಯ ಆಗದ ಹಾಗೆ ವರ್ಸೆಡ್ ಅನ್ನೋ ಔಷಧಿ ಕೊಡ್ಬೇಕಿತ್ತು, ಔಷಧಿ ಕ್ಯಾಬಿನೆಟ್ಟಿಂದ ಆಕೆ ತೆಗೆದಿದ್ದು ವೆಕುರೋನಿಯಂ, ಸ್ನಾಯುಗಳನ್ನೆಲ್ಲಾ ಸ್ತಬ್ಧ ಮಾಡಿ ಉಸಿರೇ ನಿಲ್ಲಿಸೋ ಔಷಧಿ. ಪೇಷೆಂಟ್ ತೀರ್ಕೊಂಡ್ರು. ಗೊತ್ತಾದ ತಕ್ಷಣ ಒಪ್ಕೊಂಡ್ರು. ಆದ್ರೂ 2021ರಲ್ಲಿ ಲೈಸೆನ್ಸ್ ಹೋಯ್ತು, 2022ರಲ್ಲಿ ನಿರ್ಲಕ್ಷ್ಯದಿಂದ ಸಾವು ಅಂತ ಅಪರಾಧಿ ಅಂದ್ರು, ಶಿಕ್ಷೆ ಮೂರು ವರ್ಷ ಪ್ರೊಬೇಷನ್, ಜೈಲಲ್ಲ. ನಿಜ ಹೇಳಿದೋರಿಗೆ ಹೀಗಾದ್ರೆ ಇನ್ಮೇಲೆ ಯಾರು ಬಾಯಿ ಬಿಡ್ತಾರೆ ಅಂತ ನರ್ಸುಗಳು ಬೀದಿಗಿಳಿದ್ರು, ಕೆಂಟಕಿ ರಾಜ್ಯ 2024ರಲ್ಲಿ ಕೈತಪ್ಪಿ ಆದ ತಪ್ಪಿಗೆ ಕ್ರಿಮಿನಲ್ ಕೇಸ್ ಬೇಡ ಅಂತ ಕಾನೂನೇ ತಂತು. ಆ ಭಯ ನನಗೂ ಅರ್ಥ ಆಗುತ್ತೆ ಸಿಸ್ಟರ್. ಆದ್ರೆ ಆಕೆಗೆ ಶಿಕ್ಷೆ ಆಗಿದ್ದು ಔಷಧಿ ತಪ್ಪಿದ್ದಕ್ಕೆ, ಒಪ್ಕೊಂಡಿದ್ದಕ್ಕಲ್ಲ.

ನಮ್ಮಲ್ಲಿ ಒಂದು ಅನ್ಯಾಯ ಇದೆ, ಇದು ಎಲ್ಲಾ ನರ್ಸುಗಳೂ ತಿಳ್ಕೋಬೇಕಾದ್ದು. ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್‌ನಲ್ಲಿ ನಿರ್ಲಕ್ಷ್ಯದಿಂದ ಸಾವಾದ್ರೆ ಐದು ವರ್ಷದವರೆಗೂ ಜೈಲು, ರಿಜಿಸ್ಟರ್ಡ್ ಡಾಕ್ಟರಿಗೆ ಮಾತ್ರ ಎರಡು ವರ್ಷದವರೆಗೆ. ನರ್ಸ್ ಹೆಸರು ಆ ವಿನಾಯ್ತೀಲಿ ಇಲ್ಲ! ಡಾಕ್ಟರ್ ಹೇಳಿದ ಇಂಜೆಕ್ಷನ್ ಚುಚ್ಚೋದು ನಾವು, ಜಾಸ್ತಿ ಜೈಲೂ ನಮಗೇನಾ ಅಂತ ನರ್ಸುಗಳ ಸಂಘದೋರು ಗಟ್ಟಿಯಾಗಿ ಕೇಳ್ಬೇಕು. ನಿಮ್ಮ ಅಜ್ಜಿ ಬದುಕಿದಾರೆ, ದೇವರು ದೊಡ್ಡೋನು, ಈ ಸೆಕ್ಷನ್ ನಿಮಗೆ ಬರಲ್ಲ.

ಈಗ ಮಾಡೋದು ಇಷ್ಟು. ಹಳೇ ಹಾಳೇಲಿ ಏನಾದ್ರೂ ತಪ್ಪಿದ್ರೆ ಓದೋಕಾಗೋ ಹಾಗೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ತಾರೀಕು, ಟೈಮು, ಸೈನ್ ಹಾಕಿ, ವೈಟ್‌ನರ್ ಮುಟ್ಟಲೇಬೇಡಿ. ಬಿಟ್ಟೋಗಿದ್ದು ಸೇರಿಸೋದಾದ್ರೆ ಇವತ್ತಿನ ತಾರೀಕೇ ಹಾಕಿ ತಡವಾಗಿ ಬರೆದಿದ್ದು ಅಂತ ಬರೀರಿ. ನರ್ಸಿಂಗ್ ಸೂಪರಿಂಟೆಂಡೆಂಟಿಗೆ ಒಂದು ಕಾಗದ ಕೊಡಿ, ಏನಾಯ್ತು, ಎಷ್ಟೊತ್ತಿಗೆ, ವಾರ್ಡಲ್ಲಿ ಎಷ್ಟು ಜನ ಇದ್ರು, ಹೊಸ ಹಾಳೆ ಬರಿ ಅಂದಿದ್ದು ಯಾರು, ಎಲ್ಲಾ ಬರ್ದು ಕಾಪಿ ಮೇಲೆ ಸೀಲ್ ಹಾಕಿಸ್ಕೊಳ್ಳಿ. ಸೀಲ್ ಹಾಕಲ್ಲ ಅಂದ್ರೆ ಸ್ಪೀಡ್ ಪೋಸ್ಟ್ ಮಾಡಿ. ಕೇಸ್ ಶೀಟ್ ಫೋಟೊ ತೆಗೆದು ಫ್ರೆಂಡ್ಸಿಗೆ ವಾಟ್ಸಾಪ್ ಮಾಡ್ಲಾ ಅಂದ್ರಲ್ಲ, ಬೇಡವೇ ಬೇಡ, ಅದು ಅಜ್ಜಿಯ ಗುಟ್ಟು, ಅಲ್ಲಿ ನೀವೇ ಸಿಕ್ಕಾಕೊಳ್ತೀರಿ. ಒಬ್ರು ವಕೀಲರನ್ನೂ ನೋಡಿ, ಈ ವಾರಾನೇ.

ಅಜ್ಜಿ ಮನೆಯವರಿಗೆ ಆಸ್ಪತ್ರೆ ಇನ್ನೂ ಹೇಳಿಲ್ಲ ಅಂತ ಬರೆದಿದೀರಿ. ಸೂಪರಿಂಟೆಂಡೆಂಟ್ ಕಾಗದದಲ್ಲಿ ಅದನ್ನೂ ಕೇಳಿ, ಅವರಿಗೆ ಯಾವಾಗ ಹೇಳ್ತೀರಿ ಅಂತ. ಸೂಪರಿಂಟೆಂಡೆಂಟ್ ಏನಂದ್ರು ಅಂತ ನನಗೆ ಇನ್ನೊಂದು ಕಾಗದ ಹಾಕಿ.