ಮಾಯ್ದ ಕಲೆ ಕನಸಿನಲ್ಲಿ ಬಿರಿದರೆ ಅಣ್ಣನನ್ನು ದೂರಬೇಕೇ?

ಪ್ರಶ್ನೆ: ನನಗೆ 41 ವರ್ಷ, ಪ್ರೌಢಶಾಲಾ ಶಿಕ್ಷಕಿ. ಐದನೆಯ ವಯಸ್ಸಿನಲ್ಲಿ ಬಚ್ಚಲ ಹಂಡೆಯ ಕುದಿನೀರು ಬಿದ್ದು ಆದ ಸುಟ್ಟ ಕಲೆ ನನ್ನ ಎಡ ಮುಂಗೈ ಮೇಲಿದೆ. ನಾನೇ ಆಡುತ್ತಾ ಜಾರಿಬಿದ್ದೆನೆಂದು ಮನೆಯವರು ಹೇಳುತ್ತಾ ಬಂದಿದ್ದಾರೆ. ನನಗೆ ಏನೂ ನೆನಪಿಲ್ಲ. ಕಳೆದ ವರ್ಷ ತಂದೆ ತೀರಿಕೊಂಡರು. ಈಗ ಅಣ್ಣ ತವರಿನ ಮನೆ, ತೋಟದ ಮೇಲಿನ ನನ್ನ ಹಕ್ಕನ್ನು ಬಿಟ್ಟುಕೊಡುವ ಪತ್ರಕ್ಕೆ ಸಹಿ ಕೇಳುತ್ತಿದ್ದಾನೆ. ಅಮ್ಮನೊಡನೆ ಫೋನಿನಲ್ಲಿ ಮಾತನಾಡಿದಾಗ "ಹಳೆಯದನ್ನೆಲ್ಲ ಕೆದಕಬೇಡ, ಹಾಕಿಕೊಟ್ಟುಬಿಡು" ಎಂದರು. ಆಮೇಲಿನಿಂದ ಬೆಳಗಿನ ಜಾವ ಒಂದೇ ಕನಸು ಮತ್ತೆ ಮತ್ತೆ ಬೀಳುತ್ತಿದೆ. ತವರಿನ ಹೊಸ್ತಿಲಲ್ಲಿ ನಿಂತಿರುತ್ತೇನೆ, ಕಲೆ ತಾನಾಗಿ ಬಿರಿಯುತ್ತದೆ, ನೋವಿಲ್ಲ, ರಕ್ತವಿಲ್ಲ, ಒಳಗಿನಿಂದ ಹಬೆ ಏಳುತ್ತದೆ. ಬೆನ್ನ ಮೇಲೆ ಯಾರದೋ ಕೈ, ತಿರುಗಿದರೆ ಅಣ್ಣ. ಮುಚ್ಚಿದ ಗಾಯ ತೆರೆದರೆ ರಕ್ತಸಂಬಂಧಿಯಿಂದ ಮೋಸ ಎಂದರ್ಥ, ಸಹಿ ಹಾಕಬೇಡಿ ಎಂದು ಪರಿಚಿತ ಜ್ಯೋತಿಷಿ ಹೇಳಿದರು. ಅಂದು ನನ್ನನ್ನು ತಳ್ಳಿದವನು ಅಣ್ಣನೇ ಇರಬಹುದೇ? ಈ ಕನಸನ್ನು ಅಮ್ಮನಿಗೆ ಹೇಳಲೇ?
– ಹೆಸರು ಬೇಡ, ಶಿವಮೊಗ್ಗ ಜಿಲ್ಲೆ

ಉತ್ತರ: ಮೂವತ್ತಾರು ವರ್ಷಗಳ ಹಿಂದೆ ಬಚ್ಚಲಿನಲ್ಲಿ ನಡೆದದ್ದೇನು ಎಂಬುದಕ್ಕೆ ಇಂದಿನ ಕನಸು ಸಾಕ್ಷಿಯಾಗಲಾರದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ತಳಮಳವೆಲ್ಲ ಆ ಒಂದು ಕೈಯ ಸುತ್ತಲೇ ಬೆಳೆದಿರುವಂತೆ ಪತ್ರವನ್ನು ಓದಿದಾಗ ತೋರುತ್ತದೆ. ಸಹಿಯ ವಿಷಯ ಗಂಭೀರವಾದದ್ದೇ, ಆದರೆ ಅದನ್ನು ಬೇರೆಯಾಗಿಯೇ ನೋಡಬೇಕು.

ಜ್ಯೋತಿಷಿಗಳು ಹೇಳಿದ ಅರ್ಥದಿಂದಲೇ ಆರಂಭಿಸೋಣ. ಕನಸಿನ ಗಾಯಕ್ಕೆ ಅರ್ಥ ಹೇಳುವ ಪದ್ಧತಿ ಬಹಳ ಹಳೆಯದು. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಕನಸುಗಳ ಕುರಿತು ದೊಡ್ಡ ಗ್ರಂಥ ಬರೆದ ಆರ್ಟೆಮಿಡೋರಸ್, ಎದೆಗೆ ಗಾಯವಾದಂತೆ ಕಂಡರೆ ಎಳೆಯರಿಗೆ ಪ್ರೇಮವೆಂದೂ ವಯಸ್ಸಾದವರಿಗೆ ಕೆಟ್ಟ ಸುದ್ದಿಯೆಂದೂ ಹೇಳುತ್ತಾನೆ. ಮಾಯ್ದ ಕಲೆ ಕಂಡರಂತೂ ಚಿಂತೆಗಳೆಲ್ಲ ಮುಗಿದವು ಎಂಬುದು ಅವನ ತೀರ್ಮಾನ. ನಮ್ಮ ಸ್ವಪ್ನಶಾಸ್ತ್ರದ ಗ್ರಂಥಗಳಲ್ಲಿಯೂ ಕನಸಿನಲ್ಲಿ ರಕ್ತ ಕಾಣುವುದನ್ನು ಶುಭವೆಂದು, ಲಾಭದ ಸೂಚನೆಯೆಂದು ಎಣಿಸಿದ ಸಂದರ್ಭಗಳಿವೆ. ಹಾಗಿರುವಾಗ ಬಿರಿದ ಕಲೆಗೆ 'ರಕ್ತಸಂಬಂಧಿಯ ಮೋಸ' ಎಂಬ ಒಂದೇ ಅರ್ಥ ಎಲ್ಲಿಂದ ಬಂತು? ನೀವು ಕನಸಿನ ಜೊತೆಗೆ ಆಸ್ತಿಯ ವಿಚಾರವನ್ನೂ ಅವರ ಮುಂದೆ ಹೇಳಿಕೊಂಡಿರಬೇಕೆಂದು ನನ್ನ ಊಹೆ. ಅಣ್ಣ, ತಂಗಿ, ಹಕ್ಕುಪತ್ರ ಎಂಬ ಮೂರು ಸಂಗತಿ ಕಿವಿಗೆ ಬಿದ್ದ ಮೇಲೆ ಮೋಸ ಎಂಬ ಮಾತನ್ನು ಆಡಲು ಯಾವ ಶಾಸ್ತ್ರವೂ ಬೇಕಾಗುವುದಿಲ್ಲ.

ಶಾಸ್ತ್ರವನ್ನೇ ಆಧಾರವಾಗಿ ಇಟ್ಟುಕೊಳ್ಳುವುದಾದರೆ ಚರಕಸಂಹಿತೆಯ ಇಂದ್ರಿಯಸ್ಥಾನದಲ್ಲಿ ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸಿರುವುದನ್ನು ನೋಡಬೇಕು. ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು ಎಂಬ ಐದು ಕಾರಣಗಳಿಂದ ಹುಟ್ಟಿದ ಕನಸುಗಳಿಗೆ ಫಲವಿಲ್ಲವೆಂದು ವೈದ್ಯನು ತಿಳಿಯಬೇಕು ಎನ್ನುತ್ತದೆ ಆ ಗ್ರಂಥ. ಮುಂದಾಗುವುದನ್ನು ಸೂಚಿಸುವ ಕನಸು ಮತ್ತು ದೋಷಗಳ ಏರುಪೇರಿನಿಂದ ಬೀಳುವ ಕನಸು ಉಳಿದ ಎರಡು. ನಿಮ್ಮ ಕನಸಿನ ಸಾಮಗ್ರಿಯನ್ನು ಒಂದೊಂದಾಗಿ ಗಮನಿಸಿ. ಕಲೆಯನ್ನು ದಿನವೂ ಕಾಣುತ್ತೀರಿ, ಹಂಡೆಯ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದೀರಿ, ಹೊಸ್ತಿಲಲ್ಲಿ ನಿಂತು ಒಳಗೆ ಹೋಗಲೋ ಬೇಡವೋ ಎಂಬ ಸಂಕಟವನ್ನು ಈಗ ಅನುಭವಿಸುತ್ತಿದ್ದೀರಿ, "ಕೆದಕಬೇಡ" ಎಂಬ ಅಮ್ಮನ ಮಾತು ಕನಸು ಶುರುವಾಗುವ ಮುನ್ನವೇ ಕಿವಿಗೆ ಬಿದ್ದಿತ್ತು. ಹೊಸದಾಗಿ ಹೊರಗಿನಿಂದ ಬಂದದ್ದು ಇದರಲ್ಲಿ ಏನೂ ಇಲ್ಲ. ಹಗಲಿನ ಅನುಭವದ ಚೂರುಗಳು ರಾತ್ರಿಯ ಕನಸಿಗೆ ಸಾಮಗ್ರಿಯಾಗುತ್ತವೆ ಎಂದು ಫ್ರಾಯ್ಡ್ 1899ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬರೆದ. ಅವನ ಉಳಿದ ವಾದಗಳನ್ನು ಅನೇಕರು ಕೈಬಿಟ್ಟಿದ್ದರೂ ಈ ಮಾತು ಮಾತ್ರ ಉಳಿದುಕೊಂಡಿದೆ.

ಬೆಳಗಿನ ಜಾವದ ಕನಸು ನನಸಾಗುತ್ತದೆ ಎಂಬ ನಂಬಿಕೆಯೂ ನಿಮ್ಮನ್ನು ಕಾಡುತ್ತಿರಬಹುದು. ರೆಪ್ಪೆಯೊಳಗೆ ಕಣ್ಣುಗಳು ಅತ್ತಿತ್ತ ಚಲಿಸುವ, ಗಾಢವಾಗಿ ಕನಸು ಬೀಳುವ ನಿದ್ರೆಯ ಹಂತವನ್ನು ವಿಜ್ಞಾನಿಗಳು 1953ರಲ್ಲಿ ಗುರುತಿಸಿದರು. ಆ ಹಂತವು ರಾತ್ರಿಯ ಕೊನೆಯ ಭಾಗದಲ್ಲಿ ಹೆಚ್ಚು ದೀರ್ಘವಾಗಿರುತ್ತದೆ. ಅದರ ನಡುವೆಯೇ ಎಚ್ಚರವಾಗುವುದರಿಂದ ಜಾವದ ಕನಸು ನೆನಪಿನಲ್ಲಿ ಉಳಿಯುತ್ತದೆ, ಅಷ್ಟೆ.

ಇನ್ನೊಂದು ಕಾರಣವನ್ನೂ ನೀವು ಪರೀಕ್ಷಿಸಬೇಕು. ಆಳವಾಗಿ ಸುಟ್ಟು ಮಾಯ್ದ ಚರ್ಮದಲ್ಲಿ ಬೆವರಿನ ಗ್ರಂಥಿಗಳೂ ರೋಮಗಳೂ ಉಳಿಯದೆ ಅದು ನುಣ್ಣಗೆ ಹೊಳೆಯುತ್ತದೆ, ಚಳಿಗಾಲದಲ್ಲಿ ಬೇಗ ಒಣಗಿ ಬಿಗಿಯುತ್ತದೆ, ತುರಿಸುತ್ತದೆ. ಮಲಗಿದವರ ಮೈಮೇಲೆ ನೀರು ಚಿಮುಕಿಸಿ ನೋಡಿದ 1958ರ ಪ್ರಯೋಗವೊಂದರಲ್ಲಿ, ಅನೇಕರ ಕನಸಿನೊಳಕ್ಕೆ ನೀರು ಯಾವುದಾದರೂ ರೂಪದಲ್ಲಿ ನುಸುಳಿತ್ತು. ನಿಮ್ಮ ಮುಂಗೈಯ ಬಿಗಿತ ಕನಸಿನಲ್ಲಿ ಬಿರುಕಾಗಿ ತೋರುವುದು ಅಸಂಭವವೇನಲ್ಲ. ಮಲಗುವ ಮುನ್ನ ಕಲೆಯ ಮೇಲೆ ಕೊಬ್ಬರಿ ಎಣ್ಣೆ ಸವರಿ ಒಂದು ವಾರ ನೋಡಿ. ಕನಸಿನ ಮಾತು ಹಾಗಿರಲಿ, ಹಳೆಯ ಸುಟ್ಟ ಕಲೆ ಎಚ್ಚರದಲ್ಲಿಯೇ ಒಡೆದು ಹುಣ್ಣಾಗಿ ವಾರಗಟ್ಟಲೆ ಮಾಯದಿದ್ದರೆ ತಡಮಾಡದೆ ಚರ್ಮವೈದ್ಯರಿಗೆ ತೋರಿಸಬೇಕು. ಅಪರೂಪಕ್ಕೆ ಅಂಥ ಹುಣ್ಣು ಕ್ಯಾನ್ಸರಿಗೆ ತಿರುಗುವುದುಂಟು.

ಹಾಗಾದರೆ ಕನಸಿಗೆ ಅರ್ಥವೇ ಇಲ್ಲವೇ ಎಂದು ನೀವು ಕೇಳಬಹುದು. ಇದೆ, ಆದರೆ ಆ ಅರ್ಥ ಅಣ್ಣನ ಕುರಿತಾದದ್ದಲ್ಲ, ನಿಮ್ಮ ಕುರಿತಾದದ್ದು. ಗಾಯವು ಕನಸಿನಲ್ಲಿ ಕಾಣಿಸಿಕೊಂಡಾಗ ಅದು ಎಷ್ಟು ದೊಡ್ಡದಿತ್ತು, ಯಾವ ಅಂಗದ ಮೇಲಿತ್ತು ಎನ್ನುವುದಕ್ಕಿಂತ, ಅದನ್ನು ಕಂಡಾಗ ಮನಸ್ಸಿನಲ್ಲಿ ಮೂಡಿದ ಭಾವ ಯಾವುದು ಎಂದು ಕೇಳಿಕೊಳ್ಳುವುದು ಹೆಚ್ಚು ಉಪಯುಕ್ತವೆಂದು ನನ್ನ ಅನುಭವ ಹೇಳುತ್ತದೆ. ನೀವು ನೋವಿಲ್ಲ ಎಂದು ಬರೆದಿದ್ದೀರಿ, ರಕ್ತವಿಲ್ಲ ಎಂದು ಬರೆದಿದ್ದೀರಿ, ಆದರೆ ಭಯವಾಯಿತೇ, ಸಿಟ್ಟು ಬಂತೇ, ನಾಚಿಕೆಯಾಯಿತೇ ಎಂಬುದನ್ನು ಎಲ್ಲಿಯೂ ಬರೆದಿಲ್ಲ. ಅಣ್ಣ ಸಹಿ ಕೇಳಿದ್ದಕ್ಕೆ, ಅಮ್ಮ ಹಾಕೆಂದದ್ದಕ್ಕೆ ನಿಮಗೆ ಏನನ್ನಿಸಿತು ಎಂಬುದೂ ಪತ್ರದಲ್ಲಿಲ್ಲ. ನೋಯಬೇಕಾದ ಕಡೆ ನೋಯದಿರುವ ಗಾಯವನ್ನು ನಿಮ್ಮ ಕನಸು ತೋರಿಸುತ್ತಿದೆ. ಹಗಲಿನಲ್ಲಿ ನೀವೂ ಹಾಗೆಯೇ ಇದ್ದೀರಿ. ತಂದೆಯ ಅಗಲಿಕೆ, ತವರಿನಲ್ಲಿ ತನ್ನ ಸ್ಥಾನವೇನು ಎಂಬ ಪ್ರಶ್ನೆ, ಕೊಡಲು ಮನಸ್ಸಿಲ್ಲದಿದ್ದರೂ ಬೇಡವೆನ್ನಲು ಬಾಯಿ ಬಾರದ ಇಕ್ಕಟ್ಟು, ಇವುಗಳ ಬಗ್ಗೆ ಯಾರೊಡನೆಯೂ ಬಾಯಿಬಿಟ್ಟು ಮಾತನಾಡಿದಂತೆ ಕಾಣುವುದಿಲ್ಲ. ಇದು ನನ್ನ ಓದು ಮಾತ್ರ, ಸರಿಯೋ ತಪ್ಪೋ ನೀವೇ ಹೇಳಬಲ್ಲಿರಿ.

ಬೆನ್ನ ಮೇಲಿನ ಕೈಗೆ ಈಗ ಬರೋಣ. 1990ರ ದಶಕದ ಕೊನೆಯಲ್ಲಿ ಜೂಲಿಯಾನಾ ಮಝೋನಿ, ಎಲಿಜಬೆತ್ ಲೋಫ್ಟಸ್ ಮೊದಲಾದ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ನಡೆಸಿದರು. ತಾವು ಕಂಡ ಕನಸನ್ನು ವಿವರಿಸಿದವರಿಗೆ, ಮೂರು ವರ್ಷ ತುಂಬುವ ಮೊದಲು ಜನಸಂದಣಿಯಲ್ಲಿ ಕಳೆದುಹೋದಂಥ ಕಹಿ ಘಟನೆ ನಿಮ್ಮ ಬಾಳಿನಲ್ಲಿ ನಡೆದಿರಬೇಕೆಂದು ನಿಮ್ಮ ಕನಸೇ ಸೂಚಿಸುತ್ತದೆ ಎಂದು ತಜ್ಞರೊಬ್ಬರಿಂದ ಹೇಳಿಸಲಾಯಿತು. ಅಂಥದ್ದೇನೂ ನಡೆದಿಲ್ಲವೆಂದು ಮೊದಲು ಹೇಳಿದ್ದವರಲ್ಲಿ ಬಹುಮಂದಿ, ಕೆಲವು ವಾರಗಳ ಬಳಿಕ ಕೇಳಿದಾಗ, ನಡೆದಿರಬಹುದೆಂದು ನಂಬತೊಡಗಿದ್ದರು. ನಿಮ್ಮ ವಿಷಯದಲ್ಲಿಯೂ ಇದೇ ಅಪಾಯವಿದೆ. ನೆನಪೇ ಇಲ್ಲದ ಕಡೆ ಕನಸು ಒಂದು ಚಿತ್ರವನ್ನು ಇಡುತ್ತದೆ, ಜ್ಯೋತಿಷಿ ಅದಕ್ಕೆ ಮೋಸ ಎಂಬ ಹೆಸರು ಕೊಡುತ್ತಾರೆ, ಹತ್ತು ಬಾರಿ ಕಂಡ ಮೇಲೆ ಕಂಡದ್ದಕ್ಕೂ ನೆನಪಿಗೂ ವ್ಯತ್ಯಾಸವೇ ತಿಳಿಯದಾಗುತ್ತದೆ. ಅಂದು ನಿಮ್ಮ ಅಣ್ಣನೂ ಹುಡುಗನೇ. ಅವರು ತಳ್ಳಿದ್ದು ಒಂದು ವೇಳೆ ನಿಜವಾದರೂ ಅದು ಮಕ್ಕಳಾಟದ ಅವಘಡವಾಗಿರುತ್ತದೆಯೇ ಹೊರತು ಇಂದಿನ ಪತ್ರದ ಹಿಂದಿನ ಉದ್ದೇಶಕ್ಕೆ ಪುರಾವೆಯಾಗುವುದಿಲ್ಲ.

ಅಮ್ಮನಿಗೆ ಕನಸನ್ನು ಹೇಳಬೇಡಿ. ಬದಲಿಗೆ ಕಲೆಯ ಬಗ್ಗೆ ಕೇಳಿ, ಅದೂ ಫೋನಿನಲ್ಲಲ್ಲ. ತವರಿಗೆ ಹೋದಾಗ ಅಡುಗೆಮನೆಯಲ್ಲಿ ಅವರೊಬ್ಬರೇ ಇರುವ ಹೊತ್ತು ನೋಡಿ, "ಅಮ್ಮ, ನನ್ನ ಕೈ ಸುಟ್ಟ ದಿನ ಏನೇನಾಯಿತು, ನೀನು ಆಗ ಎಲ್ಲಿದ್ದೆ, ಆಸ್ಪತ್ರೆಗೆ ಯಾರು ಎತ್ತಿಕೊಂಡು ಹೋದರು?" ಎಂದು ಕೇಳಿ. "ಅಣ್ಣ ತಳ್ಳಿದನೇ?" ಎಂದು ಕೇಳಬೇಡಿ, ಹಾಗೆ ಕೇಳಿದರೆ ಉತ್ತರವನ್ನು ನೀವೇ ಅವರ ಬಾಯಲ್ಲಿಟ್ಟಂತಾಗುತ್ತದೆ, ಇಲ್ಲವೇ ಅವರು ಮಗನ ಪರ ನಿಲ್ಲಬೇಕಾಗುತ್ತದೆ. ಕೆದಕಬೇಡ ಎಂದ ತಾಯಿಯ ಮಾತಿನ ಹಿಂದೆ ಮುಚ್ಚಿಟ್ಟ ಗುಟ್ಟೇ ಇರಬೇಕೆಂದಿಲ್ಲ. ಮಗು ಸುಟ್ಟುಕೊಂಡ ದಿನ ತಾನು ಪಕ್ಕದಲ್ಲಿರಲಿಲ್ಲ ಎಂಬ ಕೊರಗು ತಾಯಂದಿರಲ್ಲಿ ದಶಕಗಳವರೆಗೆ ಉಳಿಯುವುದನ್ನು ನಾನು ಕಂಡಿದ್ದೇನೆ.

ನಿದ್ದೆಗೆಡಿಸುವ ಕನಸನ್ನು ತಗ್ಗಿಸಲು ಪರೀಕ್ಷಿತವಾದ ವಿಧಾನವೊಂದಿದೆ. ಹಗಲಿನಲ್ಲಿ ಕನಸನ್ನು ಬರೆಯಿರಿ. ಅದರ ಯಾವುದಾದರೂ ಭಾಗವನ್ನು ನಿಮಗೆ ಬೇಕಾದಂತೆ ಬದಲಿಸಿ ಮತ್ತೆ ಬರೆಯಿರಿ. ಹೊಸ ರೂಪವನ್ನು ಮಾತ್ರ ಪ್ರತಿದಿನ ಹತ್ತು ಹದಿನೈದು ನಿಮಿಷ ಕಣ್ಣು ಮುಚ್ಚಿ ಮನಸ್ಸಿನಲ್ಲಿ ನೋಡಿ. ಹೊಸ್ತಿಲು ದಾಟಿ ಒಳಗೆ ಹೋಗಿ ತಣ್ಣೀರಿನಲ್ಲಿ ಕೈಯಿಟ್ಟಂತೆ ಬರೆದುಕೊಳ್ಳಬಹುದು, ಬೇರೇನಾದರೂ ಆದೀತು. ದೌರ್ಜನ್ಯಕ್ಕೊಳಗಾದ ಮಹಿಳೆಯರ ದುಃಸ್ವಪ್ನಗಳು ಇದರಿಂದ ಕಡಿಮೆಯಾದುದನ್ನು 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಮನೆಯಲ್ಲಿ ಗಜೇಂದ್ರಮೋಕ್ಷ ಹೇಳುವ ರೂಢಿಯಿದ್ದರೆ ಅದನ್ನೂ ಹೇಳಿಕೊಳ್ಳಿ. ಮೊಸಳೆಯ ಬಾಯಲ್ಲಿ ಕಾಲು ಸಿಕ್ಕಿದ ಆನೆಯ ಆ ಕಥೆ ದುಃಸ್ವಪ್ನವನ್ನು ಕಳೆಯುತ್ತದೆ ಎಂದು ಭಾಗವತವೇ ಹೇಳುತ್ತದೆ, ಪರಿಚಿತ ಪ್ರಾರ್ಥನೆ ಮಲಗುವ ಹೊತ್ತಿನಲ್ಲಿ ಮನಸ್ಸಿಗೆ ಸಮಾಧಾನವನ್ನಂತೂ ಕೊಡುತ್ತದೆ. ಒಂದು ತಿಂಗಳಾದರೂ ನಿದ್ದೆ ಸರಿಹೋಗದಿದ್ದರೆ, ಹಗಲಿನಲ್ಲಿಯೂ ಅಳು, ಗಾಬರಿ ಇದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು.

ಇನ್ನು ಸಹಿ. ಕನಸು ಬಿತ್ತೆಂದು ಹಾಕದಿರಬೇಡಿ, ಕನಸಿನಲ್ಲಿ ಅಣ್ಣನನ್ನು ಸಂಶಯಿಸಿದೆನಲ್ಲ ಎಂಬ ಪಾಪಪ್ರಜ್ಞೆಯಿಂದ ಹಾಕಲೂ ಬೇಡಿ. ಒಟ್ಟು ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಎಂಬುದನ್ನು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ದೇಶಕ್ಕೆಲ್ಲ ಅನ್ವಯಿಸುವಂತೆ ಮಾಡಿತು; ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್ 11ರ ತೀರ್ಪಿನಲ್ಲಿ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಆಸ್ತಿ ತಂದೆಯ ಸ್ವಯಾರ್ಜಿತವಾಗಿದ್ದು ಅವರು ಉಯಿಲು ಬರೆಯದೆ ಹೋಗಿದ್ದರೂ ನೀವು ಸಮಾನ ವಾರಸುದಾರರೇ. ಹಕ್ಕು ಬಿಡುಗಡೆ ಪತ್ರ ಒಮ್ಮೆ ನೋಂದಣಿಯಾದರೆ ಹಿಂದೆಗೆಯುವುದು ಬಹಳ ಕಷ್ಟ. ಪತ್ರದ ಕರಡನ್ನೂ ಪಹಣಿಯ ಪ್ರತಿಯನ್ನೂ ತರಿಸಿಕೊಂಡು ನಿಮ್ಮ ತಾಲ್ಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಆದಾಯ ಎಷ್ಟಿದ್ದರೂ ಮಹಿಳೆಯರಿಗೆ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ. ಎಲ್ಲ ತಿಳಿದ ಮೇಲೆ ಸಂತೋಷದಿಂದ ಬಿಟ್ಟುಕೊಡಬೇಕೆನ್ನಿಸಿದರೆ ಅದೂ ನಿಮ್ಮದೇ ನಿರ್ಧಾರ, ಪಾಲು ಬೇಕೆನ್ನಿಸಿದರೆ ಕೇಳುವುದರಲ್ಲಿ ತಪ್ಪಿಲ್ಲ. ಅಣ್ಣನಿಗೆ ಸದ್ಯಕ್ಕೆ "ಕಾಗದ ಓದಿ ನೋಡಬೇಕು, ಎರಡು ತಿಂಗಳು ಸಮಯ ಕೊಡು" ಎಂದಷ್ಟೇ ಹೇಳಿ, ಮತ್ತು ಆ ಮಾತುಕತೆ ನಡೆಯುವ ದಿನ ಹಂಡೆಯ ವಿಷಯವನ್ನು ಎತ್ತಬೇಡಿ.