ಸಿಗಡಿ ಮೇವಿನ ಲೈಸಿನ್ ಬರುವುದು ಎಲ್ಲಿಂದ?

ಪ್ರಶ್ನೆ: ಅಘನಾಶಿನಿ ನದಿ ದಡದ ಗಜನಿಯಲ್ಲಿ (ಉಪ್ಪುನೀರು ಬಂದು ಹೋಗುವ ತಗ್ಗು ಗದ್ದೆಯಲ್ಲಿ) ಸಿಗಡಿ ಸಾಕುತ್ತೇವೆ. ಮೇವಿನ ಚೀಲದ ಮೇಲೆ ಲೈಸಿನ್ ಎಂದು ಬರೆದಿದೆ. ಅದನ್ನು ಬ್ಯಾಕ್ಟೀರಿಯಾದಿಂದ ಮಾಡಿಸುತ್ತಾರಂತೆ, ಬಿಎಸ್‌ಸಿ ಓದುವ ಮಗಳು ಹೇಳಿದಳು. ಬ್ಯಾಕ್ಟೀರಿಯಾ ತನಗೆ ಬೇಕಾದಷ್ಟೇ ಅಮೈನೋ ಆಮ್ಲ ಮಾಡಿಕೊಳ್ಳುತ್ತದೆ ಎಂದೂ ಅವಳೇ ಹೇಳುತ್ತಾಳೆ. ಎರಡೂ ಹೇಗೆ ನಿಜ?
– ಓದುಗರು, ಕುಮಟಾ ತಾಲೂಕು

ಉತ್ತರ: ಮಗಳು ಹೇಳಿದ ಎರಡೂ ಮಾತು ಸರಿ. ಲೈಸಿನ್ ಒಂದು ಅಮೈನೋ ಆಮ್ಲ, ಅಂದರೆ ಪ್ರೋಟೀನು ಕಟ್ಟುವ ಇಟ್ಟಿಗೆಗಳಲ್ಲೊಂದು. ಅದನ್ನು ಮಾಡಿಕೊಳ್ಳಲು ಸಿಗಡಿಗೆ ಬರುವುದಿಲ್ಲ, ನಮಗೂ ಬರುವುದಿಲ್ಲ. ಮೇವಿನಲ್ಲಿ ಮೀನಿನ ಪುಡಿ ಕಡಿಮೆ ಮಾಡಿ ಸೋಯಾ, ಗೋಧಿ ಜಾಸ್ತಿ ಹಾಕಿದಾಗ ಲೈಸಿನ್ ಸಾಲುವುದಿಲ್ಲ. ಅದಕ್ಕೇ ಬೇರೆಯಾಗಿ ಸೇರಿಸುತ್ತಾರೆ.

ಇ. ಕೋಲಿಯಂಥ ಬ್ಯಾಕ್ಟೀರಿಯಾಕ್ಕೆ ಸಕ್ಕರೆ, ಅಮೋನಿಯಾ, ಒಂದಿಷ್ಟು ಲವಣ ಸಿಕ್ಕರೆ ಸಾಕು, 20 ಅಮೈನೋ ಆಮ್ಲಗಳನ್ನೂ ತಾನೇ ಮಾಡಿಕೊಳ್ಳುತ್ತದೆ. ಆದರೆ ಖರ್ಚಿನಲ್ಲಿ ಬಲು ಬಿಗಿ. ಉದಾಹರಣೆಗೆ, ಟ್ರಿಪ್ಟೋಫಾನ್ ಎಂಬ ಅಮೈನೋ ಆಮ್ಲ ಮಾಡುವ ಅದರ 5 ಜೀನುಗಳು ಒಂದೇ ಸಾಲಿನಲ್ಲಿವೆ. ಟ್ರಿಪ್ಟೋಫಾನ್ ತುಂಬಿದಾಗ ಅದೇ ಹೋಗಿ ಒಂದು ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಆ ಪ್ರೋಟೀನು ಸಾಲಿನ ಬಾಯಲ್ಲೇ ಕೂತು, ಜೀನುಗಳು ಆರ್‌ಎನ್‌ಎ ಆಗಿ ನಕಲಾಗುವುದನ್ನು ತಡೆಯುತ್ತದೆ. ವಿಜ್ಞಾನಿ ಚಾರ್ಲ್ಸ್ ಯಾನೊಫ್‌ಸ್ಕಿ ಮತ್ತು ಜೊತೆಗಾರರು ಎರಡನೇ ತಡೆಯನ್ನೂ ಕಂಡುಹಿಡಿದರು. ಈ ಜೀನುಗಳಿಗಿಂತ ಮೊದಲು 14 ಅಮೈನೋ ಆಮ್ಲಗಳ ಒಂದು ಪುಟ್ಟ ಪ್ರೋಟೀನು ತುಂಡಿನ ಬರಹವಿದೆ. ಅದರಲ್ಲಿ ಎರಡು ಟ್ರಿಪ್ಟೋಫಾನ್ ಅಕ್ಕಪಕ್ಕ ಬರುತ್ತವೆ. ಟ್ರಿಪ್ಟೋಫಾನ್ ಸಿಗದೆ ರೈಬೋಸೋಮು (ಆರ್‌ಎನ್‌ಎ ಓದಿ ಪ್ರೋಟೀನು ಕಟ್ಟುವ ಯಂತ್ರ) ಅಲ್ಲಿ ತಡವರಿಸಿ ನಿಂತರೆ ನಕಲು ಮುಂದುವರಿಯುತ್ತದೆ. ಸರಾಗವಾಗಿ ದಾಟಿತೋ, ಆರ್‌ಎನ್‌ಎ ಮಡಚಿಕೊಂಡು ನಕಲು ಅಲ್ಲೇ ನಿಲ್ಲುತ್ತದೆ. ಎಷ್ಟು ಸಲ ಪಾಠ ಮಾಡಿದರೂ ನನಗೆ ಇದರ ಬೆರಗು ಹೋಗಿಲ್ಲ.

ಇನ್ನು ನಿಮ್ಮ ಲೈಸಿನ್. ಇದಕ್ಕೆ ಹೆಸರುವಾಸಿ ಬ್ಯಾಕ್ಟೀರಿಯಾ ಕೊರಿನೆಬ್ಯಾಕ್ಟೀರಿಯಂ ಗ್ಲುಟಾಮಿಕಮ್, 1950ರ ದಶಕದಲ್ಲಿ ಜಪಾನಿನಲ್ಲಿ ಸಿಕ್ಕಿದ್ದು. ಇದರಲ್ಲಿ ಜೀನಿಗಿಂತ ಕಿಣ್ವದ (ರಾಸಾಯನಿಕ ಕ್ರಿಯೆ ನಡೆಸುವ ಪ್ರೋಟೀನಿನ) ಮೇಲೆಯೇ ಹಿಡಿತ ಜಾಸ್ತಿ. ಆಸ್ಪರ್ಟೇಟ್ ಎಂಬ ಅಮೈನೋ ಆಮ್ಲದಿಂದ ಹೊರಟ ತಯಾರಿಕೆಯ ದಾರಿ ಮುಂದೆ ಕವಲಾಗುತ್ತದೆ: ಒಂದು ಲೈಸಿನ್ ಕಡೆಗೆ, ಇನ್ನೊಂದು ಥ್ರಿಯೋನಿನ್, ಮೆಥಿಯೋನಿನ್ ಕಡೆಗೆ. ದಾರಿಯ ಮೊದಲ ಕಿಣ್ವ ಆಸ್ಪರ್ಟೊಕೈನೇಸ್. ಲೈಸಿನ್, ಥ್ರಿಯೋನಿನ್ ಎರಡೂ ತುಂಬಿದಾಗಲೇ ಅದು ಚೆನ್ನಾಗಿ ಮುಚ್ಚಿಕೊಳ್ಳುತ್ತದೆ. ಗಜನಿಯ ಬಾಗಿಲಿಗೆ ಹಲಗೆ ಇಳಿಸುವಾಗ ಒಂದು ಹಲಗೆ ಕಮ್ಮಿಯಾದರೂ ನೀರು ಹರಿಯುತ್ತಲೇ ಇರುತ್ತದೆ ಅಲ್ವಾ? ಹಾಗೆಯೇ ಇದು.

ವಿಜ್ಞಾನಿಗಳು ಆ ಒಂದು ಹಲಗೆಯನ್ನೇ ತೆಗೆದರು. ಥ್ರಿಯೋನಿನ್ ಕವಲಿನ ಜೀನ್ ಕೆಟ್ಟ ತಳಿಯನ್ನು ಆರಿಸಿಕೊಂಡರು. ಅದು ಬದುಕಬೇಕಾದರೆ ಥ್ರಿಯೋನಿನ್, ಮೆಥಿಯೋನಿನ್ ಹೊರಗಿನಿಂದ ಕೊಡಬೇಕು. ಅದನ್ನು ಅಳೆದು, ಸ್ವಲ್ಪವೇ ಕೊಟ್ಟರು. ಥ್ರಿಯೋನಿನ್ ತುಂಬುವುದೇ ಇಲ್ಲ, ಹಾಗಾಗಿ ಕಿಣ್ವ ನಿಲ್ಲುವುದಿಲ್ಲ, ಲೈಸಿನ್ ಉಕ್ಕಿ ಹೊರಗೆ ಬರುತ್ತದೆ. ಇನ್ನೊಂದು ಉಪಾಯವೂ ಇದೆ. ಲೈಸಿನ್‌ನಂತೆಯೇ ಕಾಣುವ ವಿಷ ಹಾಕಿ, ಬದುಕಿ ಉಳಿದವನ್ನು ಆರಿಸುವುದು. ಅವುಗಳಲ್ಲಿ ಕೆಲವಕ್ಕೆ ಲೈಸಿನ್ ಎಷ್ಟೇ ಇದ್ದರೂ ನಿಲ್ಲದ ಆಸ್ಪರ್ಟೊಕೈನೇಸ್ ಇರುತ್ತದೆ. ಕಿಣ್ವದ ಒಂದೇ ಅಮೈನೋ ಆಮ್ಲ ಬದಲಾದರೂ ಹೀಗಾಗಬಹುದು.

ಚೀಲದ ಮೇಲೆ ಲೈಸಿನ್ ಎಚ್‌ಸಿಎಲ್ ಎಂದಿದ್ದರೆ ಅದು ಸೋಸಿ ಹರಳುಗಟ್ಟಿಸಿದ್ದು. ಲೈಸಿನ್ ಸಲ್ಫೇಟ್ ಆದರೆ ಸಾಮಾನ್ಯವಾಗಿ ಸತ್ತ ಬ್ಯಾಕ್ಟೀರಿಯಾದ ಒಣ ಪುಡಿಯೂ ಜೊತೆಗಿರುತ್ತದೆ, ಹೆದರಬೇಡಿ. ಇಂಥ ಬಿಡಿ ಲೈಸಿನ್ ನೀರಲ್ಲಿ ಬೇಗ ಕರಗುತ್ತದೆ. ಸಿಗಡಿಯೋ ಮೇವನ್ನು ಹಿಡಿದು ನಿಧಾನ ಕಚ್ಚುತ್ತದೆ. ಹಾಗಾಗಿ ಮೇವನ್ನು ಒಮ್ಮೆಗೇ ಸುರಿಯಬೇಡಿ, ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಹಾಕಿ.